ಚಾಚಿದ ಕೈ

ಮಾರ್ಚ್ 3, ಸೋಮವಾರ
ಎಪಿಸೋಡ್ ಹದಿನೇಳು. ಎರಡು ನಿಮಿಷದ ಪ್ರೇಮಕಥೆ, ಅದರಲ್ಲಿ ಒಂದೂವರೆ ನಿಮಿಷ ಬರೀ ನೋಟ. ಮೊದಲ ಟೇಕ್‌ನಲ್ಲಿ ನಾಯಕಿ ಲೋಟ ಹಿಡಿದದ್ದು ಎಡಗೈಯಲ್ಲಿ, ಎರಡನೆಯದರಲ್ಲಿ ಬಲಗೈ. ಬರೆದುಕೊಂಡೆ. ಕಂಟಿನ್ಯುಯಿಟಿ ಎಂದರೆ ಇಷ್ಟೇ — ಯಾರ ಕೈ ಎಲ್ಲಿತ್ತು, ಯಾರು ಮೊದಲು ಕಣ್ಣು ತಪ್ಪಿಸಿದರು. ಒಂಬತ್ತು ವರ್ಷದಿಂದ ಇದೇ ಕೆಲಸ.

ನಿರ್ದೇಶಕರು, ಅಂದರೆ ನನ್ನ ಗಂಡ, ನಾಯಕನಿಗೆ ಹೇಳಿಕೊಟ್ಟರು: "ಮಾತಾಡ್ಬೇಡ. ಸುಮ್ನೆ ಕಾಯಿ. ಮೊದ್ಲು ಮಾತಾಡಿದೋರು ಸೋತ ಹಾಗೆ."

ಎಲ್ಲರೂ ತಲೆದೂಗಿದರು. ನಾನೂ.

ಮಾರ್ಚ್ 5
ನಿರ್ಮಾಪಕಿ ನನ್ನೊಬ್ಬಳನ್ನೇ ಕರೆದರು. ಮುಂದಿನ ಸೀರೀಸ್ ನೀವೇ ಡೈರೆಕ್ಟ್ ಮಾಡಿ ಎಂದರು. ಹದಿನಾಲ್ಕನೇ ತಾರೀಖಿಗೆ ಉತ್ತರ ಬೇಕಂತೆ. ಇಷ್ಟು ವರ್ಷ ಬೇಕು ಬೇಕು ಅಂದುಕೊಂಡದ್ದು... ಖುಷಿ ಆಗಬೇಕಿತ್ತು. ಏನೂ ಆಗಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ತಟ್ಟೆಯನ್ನು ಎರಡು ಬೆರಳಲ್ಲಿ ಮುಂದಕ್ಕೆ ತಳ್ಳಿ ಎದ್ದರು. ಅರ್ಧ ಊಟ ಹಾಗೇ ಇತ್ತು.

ಮಾರ್ಚ್ 9, ಬೆಳಿಗ್ಗೆ
ನಾಲ್ಕು ದಿನ. ತುಟಿ ಪಿಟಕ್ ಅಂದಿಲ್ಲ.

ಅಕ್ಕನಿಗೆ ಫೋನ್‌ನಲ್ಲಿ ಹೇಳಿದೆ. "ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ನಿಮ್ಮನೇಲಿ ಬಂಗಾರ ಜಾಸ್ತಿ ಆಯ್ತು ಕಣೆ" ಎಂದಳು. ನಕ್ಕೆ.

"ಬೇಡ ಅಂದ್ರಾ?"

"ಇಲ್ಲ."

"ಮತ್ತೆ ಏನು ನಿಂದು?"

ಕುಕ್ಕರ್ ಕೂಗ್ತಿದೆ ಅಂತ ಇಟ್ಟುಬಿಟ್ಟೆ. ಒಲೆ ಹಚ್ಚಿಯೇ ಇರಲಿಲ್ಲ.

ಮಾರ್ಚ್ 11
ಎಡಿಟಿಂಗ್ ರೂಮ್. ಕಟ್ ಅಂದ ಮೇಲೂ ಕ್ಯಾಮೆರಾ ಓಡಿದೆ. ಮೂಲೆಯಲ್ಲಿ ನನ್ನ ಗಂಡ ಸ್ಕ್ರಿಪ್ಟ್ ಬಿಡಿಸಿ, ತಲೆ ಎತ್ತದೆ, ಎಡಗೈ ಚಾಚುತ್ತಾರೆ. ಫ್ರೇಮಿನ ಹೊರಗಿಂದ ಒಬ್ಬಳು ಓಡಿಬಂದು ಅದರಲ್ಲಿ ಕನ್ನಡಕ ಇಡುತ್ತಾಳೆ. ನಾನೇ. ಅವರ ಓದುವ ಕನ್ನಡಕ ಇರುವುದೇ ನನ್ನ ಬ್ಯಾಗಿನಲ್ಲಿ. ಅಲ್ಲೇ ಇರಬೇಕೆಂದು ಯಾರೂ ಹೇಳಿದ್ದಲ್ಲ.

"ಡಿಲೀಟ್ ಮಾಡ್ಲಾ ಮೇಡಂ?" ಎಡಿಟರ್ ಕೇಳಿದ.

"ಇನ್ನೊಂದ್ಸಲ ಹಾಕು."

ಆರು ಸಲ ನೋಡಿದೆ. ಆರು ಸಲವೂ ಓಡಿಬಂದಳು.

ಮಾರ್ಚ್ 14, ಸಂಜೆ 6.20
ಮಧ್ಯಾಹ್ನ ಆಫೀಸಿನಲ್ಲಿ ನಿರ್ಮಾಪಕಿ ಕೇಳಿದ್ದು ನನ್ನನ್ನು, ನೋಡಿದ್ದು ನನ್ನ ಗಂಡನನ್ನು. ಅವರು ಕಿಟಕಿ ನೋಡುತ್ತಿದ್ದರು. ಕಾಯುವುದು ಅವರಿಗೆ ಚೆನ್ನಾಗಿ ಬರುತ್ತದೆ. ನಾನೇ ಮೊದಲು ಮಾತಾಡಿದೆ.

"ಮಾಡ್ತೀನಿ."

ಗೆದ್ದ ಹಾಗೂ ಅನ್ನಿಸಲಿಲ್ಲ, ಸೋತ ಹಾಗೂ.

ಈಗ ಮನೆ. ಒಂದೇ ಮೇಜು. ಅವರ ಮುಂದೆ ನಾಳೆಯ ಸ್ಕ್ರಿಪ್ಟ್, ನನ್ನ ಮುಂದೆ ಈ ಡೈರಿ. ತಲೆ ಎತ್ತದೆ ಎಡಗೈ ಚಾಚಿದ್ದಾರೆ. ಬ್ಯಾಗು ನನ್ನ ತೊಡೆಯ ಮೇಲೇ ಇದೆ. ಭಯವಾಗುತ್ತಿದೆ. ಎಷ್ಟೋ ದಿನದ ಮೇಲೆ ಏನೋ ಒಂದು ಆಗುತ್ತಿದೆ. ಈ ಸಾಲು ಮುಗಿದ ಮೇಲೆ ಕೊಡೋಣ ಎಂದುಕೊಂಡು ಬರೆಯುತ್ತಿದ್ದೇನೆ, ಕೈ ಇನ್ನೂ ಅಲ್ಲೇ ಇದೆ, ಬೆರಳು ಒಂದು ಸಲ ಅಲ್ಲಾಡಿತು, ಬರೆಯುತ್ತಲೇ ಇದ್ದೇನೆ, ಈಗ ತಲೆ ಎತ್ತಿದರು, ನಾನು ಇನ್ನೂ