ದಾಕ್ಷಾಯಣಿಯ ಪಥ್ಯ

ಹಳ್ಳಿಮೈಸೂರು
೧೭-೧-೧೯೯೯

ಚಿ. ಸೌ. ಪಂಕಜಳಿಗೆ ಅಪ್ಪನ ಆಶೀರ್ವಾದ.

ನಿನ್ನ ಎರಡು ಕಾಗದವೂ ಬಂದವು. ಉತ್ತರ ಬರೆಯದೆ ಕೂತಿದ್ದಕ್ಕೆ ಬೈದುಕೋ, ತಪ್ಪಿಲ್ಲ. ಚನ್ನರಾಯಪಟ್ಟಣದಲ್ಲಿ ನೀನು, ಮಗು, ಅಳಿಯಂದಿರು ಚೆನ್ನಾಗಿರುವುದನ್ನು ನಿನ್ನ ಅಮ್ಮನಿಗೆ ಓದಿ ಹೇಳಿದೆ. ಇಲ್ಲಿಯೂ ಕ್ಷೇಮ ಎಂದು ಬರೆಯಲು ಕೈ ಏಳುತ್ತಿಲ್ಲ.

ಅವಳ ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆದ ಮೇಲೆ ಹಾಸನಕ್ಕೆ ಹೋಗಿ ಆಗಾಗ ರಕ್ತ ಪರೀಕ್ಷೆ ಮಾಡಿಸಿ ಬರುತ್ತಿದ್ದೆವಲ್ಲ, ಕಾರ್ತಿಕದಲ್ಲಿ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದರು. ಆ ಕ್ಯಾನ್ಸರು ರಕ್ತಕ್ಕೆ ಒಂದು ಬಗೆಯ ಪ್ರೋಟೀನು ಬಿಡುತ್ತದಂತೆ. ಆಪರೇಷನ್ ಆದಾಗ ಇಳಿದಿದ್ದದ್ದು ಮತ್ತೆ ಏರುತ್ತಿದೆ, ಕಾಯಿಲೆ ಮರುಕಳಿಸಿರಬಹುದು, ಹೀಗೇ ಏರಿದರೆ ಅವಳು ಹೆಚ್ಚು ಕಾಲ ಉಳಿಯುವುದಿಲ್ಲ, ಸಂಕ್ರಾಂತಿ ಹೊತ್ತಿಗೆ ಇನ್ನೊಮ್ಮೆ ನೋಡಿ ಮದ್ದು ಶುರು ಮಾಡೋಣ ಎಂದರು.

ಹೊರಗೆ ಬೆಂಚಿನ ಮೇಲೆ ಕೂತಿದ್ದವಳು "ಏನಂದ್ರು?" ಅಂದಳು. ಅವಳ ಮುಖ ನೋಡಿ ನಿಜ ಬಾಯಿಗೆ ಬರಲಿಲ್ಲ. "ಏನಿಲ್ಲ ಕಣೇ, ರಕ್ತದಾಗೆ ಪ್ರೋಟೀನು ಜಾಸ್ತಿ ಆಗೈತಂತೆ" ಅಂದುಬಿಟ್ಟೆ. ದೊಡ್ಡ ಬುದ್ಧಿವಂತ ನಾನು.

ಅಂಗನವಾಡಿಯಲ್ಲಿ ದುಡಿದವಳಿಗೆ ಪ್ರೋಟೀನು ಯಾವುದರಲ್ಲಿರುತ್ತದೆಂದು ಯಾರು ಹೇಳಿಕೊಡಬೇಕು? ಮಾರನೆಯ ದಿನದಿಂದಲೇ ಬೇಳೆ, ಕಾಳು, ಹಾಲು, ಮೊಸರು ಎಲ್ಲ ಬಂದ್. ಬರೀ ಅನ್ನ, ಹುಣಸೆ ಸಾರು. ಎದುರುಮನೆ ನೀಲಗಂಗಮ್ಮ ಅವರೆಕಾಳು ಸಾರು ತಂದುಕೊಟ್ಟರೂ ಮುಟ್ಟಲಿಲ್ಲ. ಏನೋ ಒಂದು ಪಥ್ಯ ಹಿಡಿದು ಗೆಲುವಾಗಿದ್ದಾಳಲ್ಲ ಎಂದು ನಾನೂ ಸುಮ್ಮನಿದ್ದೆ.

ಹಬ್ಬಕ್ಕೆ ಮೊದಲು ಹೋದಾಗ ಡಾಕ್ಟರು ಅವಳ ಊದಿದ ಕಾಲು ಒತ್ತಿ ನೋಡಿದರು. ಕ್ಯಾನ್ಸರಿನ ಆ ಹಾಳು ಪ್ರೋಟೀನು, ಊಟ ಬಿಟ್ಟರೆ ಇಳಿಯುವಂಥದ್ದಲ್ಲ, ಇನ್ನೂ ಏರಿದೆ. ಅಲ್ಬುಮಿನ್ ಎಂಬ ಬೇರೊಂದು ಪ್ರೋಟೀನು, ಮೈಯಲ್ಲಿ ಇರಲೇಬೇಕಾದದ್ದು, ನೆಲ ಕಚ್ಚಿದೆ. "ಕಾಯಿಲೆಯಿಂದಲೂ ಇಳಿಯುತ್ತೆ, ಊಟ ಬಿಟ್ಟರೂ ಇಳಿಯುತ್ತೆ. ಇಷ್ಟು ಕಡಿಮೆ ಇದ್ದರೆ ಮೈ ಮದ್ದು ತಡ್ಕೊಳ್ಳೋಲ್ಲ ಈಶ್ವರಯ್ಯನವರೇ, ಉಳಿಯೋದೂ ಕಷ್ಟ. ಮೊದಲು ದಾಕ್ಷಾಯಣಿಯವರಿಗೆ ಚೆನ್ನಾಗಿ ತಿನ್ನಿಸಿ" ಎಂದರು.

ಈಗ ತಿನ್ನು ಎಂದರೆ ಅವಳು ಕೇಳಬೇಕಲ್ಲ. "ಜಾಸ್ತಿ ಆಗೈತೆ ಅಂತ ನೀವೇ ಅಂದ್ರಿ. ಈಗ ತಿನ್ನು ಅಂತ ನೀವೇ ಅಂತೀರ. ನಾ ಬದುಕೋದು ಬ್ಯಾಡ್ವಾ ನಿಮ್ಗೆ?" ಎನ್ನುತ್ತಾಳೆ. ತಿನ್ನಿಸಬೇಕಾದರೆ ನಿಜ ಹೇಳಬೇಕು. ಹೇಳಿದರೆ ಅವಳ ಧೈರ್ಯವೇ ಹೋಗುತ್ತದೆ. ನನಗೆ ಕೈಕಾಲು ಆಡುತ್ತಿಲ್ಲ ಮಗಳೇ. ಅವಳು ಆ ಹುಳಿನೀರಲ್ಲಿ ಅನ್ನ ಕಲಸುವುದನ್ನು ನೋಡಲಾರೆ. ನೀನಾದರೂ ಬಂದು ಹೇಳು.

ಮಗುವಿಗೆ ಆಯಸ್ಸು ಗಟ್ಟಿಯಿರಲಿ, ನಿನ್ನ ಸಂಸಾರ ತಣ್ಣಗಿರಲಿ.

ಇತಿ ನಿನ್ನ ಅಪ್ಪ,
ಈಶ್ವರಯ್ಯ

ತಾ.ಕ.: ನಿನ್ನೆ ಬರೆದ ಈ ಕಾಗದ ಅಂಚೆಗೆ ಹಾಕುವ ಮೊದಲೇ, ಇವತ್ತು ಬೆಳಿಗ್ಗೆ, ತಡೆಯಲಾರದೆ ನಾನೇ ಎಲ್ಲ ಹೇಳಿಬಿಟ್ಟೆ. ಅವಳು ಅಳಲಿಲ್ಲ. ಎದ್ದು ಹೋಗಿ ಅವರೆಕಾಯಿ ಸುಲಿದು ಸಾರು ಮಾಡಿ, ಮುದ್ದೆ ಮುರಿದು ಹೊಟ್ಟೆ ತುಂಬ ಉಂಡಳು. ನನಗೆ ಹೋದ ಜೀವ ಬಂದ ಹಾಗಾಯಿತು. "ಇನ್ನೊಂದು ವಾರ ಹಿಂಗೇ ಉಣ್ಣು, ಆಮೇಲೆ ಮದ್ದಿಗೆ ಹೋಗಾನ" ಅಂದೆ. ಕೈ ತೊಳೆಯುತ್ತ ಅಂದಳು: "ಮದ್ದು ಯಾಕೆ? ಬದುಕ್ತೀನಿ ಅಂತ ಅಲ್ವಾ ಇಷ್ಟು ದಿನ ಬಾಯಿ ಕಟ್ಟಿದ್ದು. ಇನ್ನ ಇರೋಗಂಟ ತಿನ್ಕಂಡಿರ್ತೀನಿ, ಬುಡಿ."