ಅಳಿಯನ ಬ್ಯಾಂಡು

ಫಾರ್ಮಿಂಗ್ಟನ್ ಹಿಲ್ಸ್
೯ ನವೆಂಬರ್ ೨೦೨೫

ಪ್ರಿಯ ಗುರುಶಾಂತಪ್ಪ,

ಶರಣು. ಮೊದಲು ನನ್ನನ್ನು ಬೈದುಬಿಡು, ಆಮೇಲೆ ಓದು. ಕಳೆದ ತಿಂಗಳು ಚಿಕಾಗೋವರೆಗೆ ಬಂದವನು ಅಲ್ಲೇ ಪಕ್ಕದ ನಿಮ್ಮ ಅರೋರಾಕ್ಕೆ ಬರದೆ ಹಾಗೇ ಹಿಂತಿರುಗಿದೆ. ಬಾಲಾಜಿ ದೇವಸ್ಥಾನದಲ್ಲಿ ಯಾರೋ ನಿನ್ನ ಸೊಸೆ ದೀಪ್ತಿಗೆ ಹೇಳಿದರಂತೆ; ಅವಳು ವತ್ಸಲಾಳಿಗೆ ಫೋನ್ ಮಾಡಿ ನಿನಗೆ ಬೇಸರವಾಗಿದೆ ಎಂದಳು. ಫೋನಿನಲ್ಲಿ ನಿನಗೆ ಮಾತು ಸರಿಯಾಗಿ ಕೇಳಿಸುವುದಿಲ್ಲ, ನನಗೂ ಇದನ್ನೆಲ್ಲ ಕೂಗಿ ಹೇಳುವ ಮನಸ್ಸಿಲ್ಲ. ಅದಕ್ಕೇ ಈ ಕಾಗದ.

ನಾವು ಬಂದದ್ದು ಮಗಳು ಭಾನುವಿನ ಬ್ಯಾಂಡಿನ ಕೊನೆಯ ಕಛೇರಿಗೆ. ಹೌದು, ‘ಟನಲ್ ಬಸ್’ ನಿಂತುಹೋಯಿತು.

ಆ ಹೆಸರು ಕೇಳಿ ನೀನು ಒಮ್ಮೆ ನಕ್ಕಿದ್ದೆ. ನದಿಯ ಈಚೆ ಡೆಟ್ರಾಯಿಟ್, ಆಚೆ ಕೆನಡಾದ ವಿಂಡ್ಸರ್. ಮಗಳು ಅಲ್ಲಿ ಓದುವಾಗ ನದಿಯಡಿಯ ಸುರಂಗದಲ್ಲಿ ಬಸ್ಸು ಹಿಡಿದು ಹೋಗುತ್ತಿದ್ದಳು. ಗಿಟಾರಿನ ಕಾಲಿನ್, ಡ್ರಮ್ಸಿನ ಮಾರ್ಸೆಲ್ ಅವಳಿಗೆ ಸಿಕ್ಕಿದ್ದು ಅಲ್ಲೇ. ಮೊದಲ ಆಲ್ಬಮ್ಮನ್ನು ಕಾಲಿನ್‌ನ ಚಿಕ್ಕಪ್ಪನ ಗ್ಯಾರೇಜಿನಲ್ಲಿ ರೆಕಾರ್ಡ್ ಮಾಡಿದರು. ಒಂದು ಹಾಡಿನ ಹಿಂದೆ ಪಕ್ಕದ ಮನೆಯವರು ಹಿಮ ತೆಗೆಯುವ ಯಂತ್ರದ ಸದ್ದು ಈಗಲೂ ಕೇಳುತ್ತದೆ. ಗೆದ್ದದ್ದು ಅದೇ ಹಾಡು! ಕೆನಡಾದ ರೇಡಿಯೊದಲ್ಲಿ ತಮ್ಮ ದೇಶದ ಹಾಡುಗಳಿಗೆ ಪಾಲು ಎತ್ತಿಡಬೇಕೆಂಬ ನಿಯಮವಿದೆಯಲ್ಲ, ಅದರಿಂದ ಊರೂರಿಗೆ ತಲುಪಿತು. ಆಚೆ ದಡದಲ್ಲಿ ಹುಡುಗಿಯರು ಅವಳ ಸಹಿಗಾಗಿ ಸಾಲು ನಿಂತರೆ, ಈಚೆ ದಡದಲ್ಲಿ ನಮ್ಮ ಕನ್ನಡದವರು “ಭಾನುಗೆ ಜಾಬ್ ಸಿಕ್ತಾ ಆಂಟಿ?” ಎಂದು ವತ್ಸಲಾಳನ್ನು ಕೇಳುತ್ತಿದ್ದರು.

ವಿಂಡ್ಸರಿನ ರೇಡಿಯೊ ಸ್ಟೇಷನ್ ನನ್ನ ಕಾರಿನಲ್ಲಿ ಸಿಗುತ್ತಿತ್ತು. ಆಫೀಸಿನಿಂದ ಬಂದವನು ಮಗಳ ಹಾಡು ಬರಲಿ ಎಂದು ಡ್ರೈವ್‌ವೇಯಲ್ಲೇ ಕಾಯುತ್ತ ಕೂರುತ್ತಿದ್ದೆ. ವತ್ಸಲಾ ಬಾಗಿಲು ತೆಗೆದು, “ಒಳಗೆ ಬರ್ತೀರೋ, ಅಲ್ಲೇ ಹಾಸಿಗೆ ಹಾಕ್ಲೋ?” ಎನ್ನುತ್ತಿದ್ದಳು.

ಎರಡನೆಯ ಆಲ್ಬಮ್ಮಿನ ಹೊತ್ತಿಗೆ ಭಾನು, ಕಾಲಿನ್ ಮದುವೆಯಾದರು. ನೀನು ಬಂದು ಅಕ್ಷತೆ ಹಾಕಿದ್ದೆ. ಪಂಚೆ ಜಾರೀತೆಂದು ಕಾಲಿನ್ ಬೆಲ್ಟ್ ಕಟ್ಟಿಕೊಂಡಿದ್ದ, ನೆನಪಿದೆಯಾ? ಅವರ ಹಳೆಯ ವ್ಯಾನು ವ್ಯಾಂಕೂವರ್‌ವರೆಗೆ ಓಡಿತು, ಪ್ರತಿ ಸಲ ಕೆಟ್ಟು ಬರುತ್ತಿತ್ತು. ಜೀವಮಾನವೆಲ್ಲ ಗೇರ್‌ಬಾಕ್ಸ್ ಡಿಸೈನ್ ಮಾಡಿದವನು ನಾನು, ಸುಮ್ಮನಿರಲಾದೀತೇ? ಇಬ್ಬರೂ ವ್ಯಾನಿನ ಕೆಳಗೆ ಮಲಗಿ ಇಡೀ ಶನಿವಾರ ಕಳೆಯುತ್ತಿದ್ದೆವು. “ಮಾವ, ರೆಂಚ್ ಕೊಡಿ” ಎನ್ನುವಷ್ಟು ಕನ್ನಡ ಅವನಿಗೆ ಬಂದದ್ದು ಅಲ್ಲೇ. ಭಾನು ಬಗ್ಗಿ ನೋಡಿ, “ನೀವಿಬ್ರೇ ಬ್ಯಾಂಡ್ ಸ್ಟಾರ್ಟ್ ಮಾಡಿ, ಐ ಕ್ವಿಟ್” ಎನ್ನುತ್ತಿದ್ದಳು.

ಮೂರನೆಯ ಆಲ್ಬಮ್ಮು ಅವರನ್ನು ಮುಳುಗಿಸಿತು. ಗಿಟಾರು ಕಡಿಮೆ ಮಾಡಿ, ಜನ ಕುಣಿಯುವಂತಿರಲಿ ಎಂದರು ಟೊರಾಂಟೋದ ಕಂಪನಿಯವರು. ಇವರೂ ಹಾಗೇ ಮಾಡಿದರು. ಹಳೆಯ ಕೇಳುಗರು ಮುನಿಸಿಕೊಂಡರು, ಹೊಸಬರು ಬರಲಿಲ್ಲ, ಕಂಪನಿ ಕೈಬಿಟ್ಟಿತು. ಮಾರ್ಸೆಲ್ ಶಾಲೆಯಲ್ಲಿ ಮೇಷ್ಟ್ರಾದ. ಭಾನು ವಿಂಡ್ಸರಿನಲ್ಲಿ ಮಕ್ಕಳಿಗೆ ಪಿಯಾನೋ ಹೇಳಿಕೊಟ್ಟಳು.

ಆಮೇಲೆ ಕೋವಿಡ್ ಬಂತು, ಗಡಿ ಮುಚ್ಚಿತು. ಅಲ್ಲಿಗೆ ಇಪ್ಪತ್ತೈದೇ ಮೈಲಿ, ಆದರೂ ಮಗಳ ಮುಖ ನೋಡುವಂತಿಲ್ಲ. ಒಂದು ಮಧ್ಯಾಹ್ನ ನಾವು ಡೆಟ್ರಾಯಿಟಿನ ದಂಡೆಯಲ್ಲಿ ನಿಂತೆವು, ಅವರು ಎದುರು ದಂಡೆಯಲ್ಲಿ. ಕಂಡದ್ದು ಎರಡು ಚುಕ್ಕೆ. ಒಂದು ಚುಕ್ಕೆ ಹಳದಿ ಕೊಡೆ ಬೀಸಿತು. “ಮಾವ, ಕಾಣಿಸ್ತಿದೀನಾ?” ಎಂದು ಕಾಲಿನ್ ಫೋನಿನಲ್ಲಿ ಕೇಳಿದ. ಭಾನು ಹೊಸ ಹಾಡೊಂದನ್ನು ಫೋನಿನಲ್ಲೇ ಹಾಡಿದಳು. ವತ್ಸಲಾ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು, ನನಗೆ ಅರ್ಧ ಹಾಡೂ ಕೇಳಿಸಲಿಲ್ಲ. ಆ ಹಾಡಿನಿಂದಲೇ ಬ್ಯಾಂಡು ಮತ್ತೆ ಎದ್ದಿತು. ಈಚೆ ದಡದವರಿಗೂ ಕೊನೆಗೆ ಅವಳ ಹೆಸರು ಗೊತ್ತಾಯಿತು.

ಚಿಕಾಗೋದ ಕಛೇರಿ ಭಾನುವಾರ ಮಧ್ಯಾಹ್ನ. ಚಿಕ್ಕ ಹಾಲ್, ತುಂಬಿತ್ತು. ಇಷ್ಟು ಚೆನ್ನಾಗಿ ಹಾಡುವವರು ಯಾಕೆ ನಿಲ್ಲಿಸುತ್ತಾರೆ ಎಂದು ಪಕ್ಕದ ಹೆಂಗಸು ನನ್ನನ್ನೇ ಕೇಳಿದಳು. ದಣಿದಿದ್ದಾರೆ ಎಂದೆ. ಮುಗಿದ ಮೇಲೆ ಕಾಲಿನ್ ನನ್ನನ್ನು ತಬ್ಬಿಕೊಂಡ, ಬಹಳ ಹೊತ್ತು ಬಿಡಲಿಲ್ಲ. ಮರುದಿನ ಬೆಳಿಗ್ಗೆ ನಿನ್ನ ಮನೆಗೆ ಬರುವುದೆಂದೇ ಇತ್ತು. ಆದರೆ ಭಾನು ವ್ಯಾನು ಹತ್ತಲಿಲ್ಲ. ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಬಂದು ಕೂತಳು. “ಅಪ್ಪಾ, ಪ್ಲೀಸ್, ಮನೆಗೆ ಹೋಗೋಣ” ಎಂದಳು. ಆಗಲೇ ಕಾರನ್ನು ಡೆಟ್ರಾಯಿಟಿನ ಕಡೆ ತಿರುಗಿಸಿದೆ.

ಈಗ ಕ್ಷಮಿಸುತ್ತೀಯಲ್ಲ? ಮೊಮ್ಮಗಳು ಇಂಚರ ಡ್ರೈವಿಂಗ್ ಟೆಸ್ಟ್ ಪಾಸಾದಳಂತೆ, ಸಂತೋಷ. ಅವಳಿಗೆ ನಮ್ಮಿಬ್ಬರ ಆಶೀರ್ವಾದ. ನಿಧಾನ ಓಡಿಸಲಿ, ನೂರು ವರ್ಷ ಓಡಿಸಲಿ. ಚಳಿ ಶುರುವಾಗಿದೆ, ಕಿವಿ ಮುಚ್ಚಿಕೊಂಡು ವಾಕಿಂಗ್ ಹೋಗು.

ನಿನ್ನ
ಸತ್ಯನಾರಾಯಣ

ತಾ. ಕ.: ಇದನ್ನು ಬರೆಯದೆ ಕವರು ಅಂಟಿಸಲಾರೆ. ಭಾನು, ಕಾಲಿನ್ ಬೇರೆಯಾಗುತ್ತಿದ್ದಾರೆ. ಜಗಳವಿಲ್ಲ. “ಸ್ಟೇಜ್ ಮೇಲೆ ಬಿಟ್ರೆ ನಾವು ಮಾತಾಡೋದೇ ನಿಂತೋಗಿತ್ತು ಅಪ್ಪಾ” ಎಂದಳು. ಅವಳು ನಮ್ಮ ಮನೆಯಲ್ಲೇ ಇದ್ದಾಳೆ. ಅವಳಿಗೆ ಸಮಾಧಾನ ಹೇಳಲು ದಿನಾ ಯಾರಾದರೂ ಬರುತ್ತಾರೆ. ಅಳಿಯನನ್ನು ಕಳೆದುಕೊಂಡ ಮಾವನನ್ನು ಯಾರೂ ವಿಚಾರಿಸುವುದಿಲ್ಲ, ನಾನೂ ಹೇಳಿಕೊಳ್ಳುವಂತಿಲ್ಲ. ಇವತ್ತು ಕಾಲಿನ್ ಫೋನ್ ಮಾಡಿದ್ದ. “ಮಾವ” ಎಂದವನು ತಡೆದ. “ಇನ್ಮೇಲೆ ನಿಮ್ಮನ್ನ ಏನಂತ ಕರೀಲಿ?” ಎಂದು ಇಂಗ್ಲಿಷಿನಲ್ಲಿ ಕೇಳಿದ. ಎದುರಿಗೆ ಭಾನು ಕಾಫಿ ಹಿಡಿದು ಕೂತಿದ್ದಳು. “ಊಟ ಆಯ್ತಾ?” ಎಂದೆ. “ಇನ್ನೂ ಇಲ್ಲ, ಮಾವ” ಎಂದ.

ನೀನು ಕನ್ನಡ ಮೇಷ್ಟ್ರಾಗಿದ್ದವನು. ಹೀಗಾದ ಮೇಲೆ ಮಾವನಿಗೆ ಬೇರೆ ಹೆಸರೇನಾದರೂ ಇದೆಯೇ? ಇದ್ದರೂ ಬರೆಯಬೇಡ.