ಆ ಎಣ್ಣೆಗೆ ನೀರು ಬೆರೆಸಬಾರದೆಂದು ಯಾರು ಹೇಳಬೇಕಿತ್ತು?

ಕಾರ್ಖಾನೆಗಳಲ್ಲಿ ದುಡಿಯುವವರ ಜೀವ ಕಾಯಲೆಂದು ಕೊಲ್ಲಾಪುರದಲ್ಲಿ ಕೂತಿರುವ ಮಾನ್ಯ ತನಿಖಾಧಿಕಾರಿಗಳೇ,

ನನ್ನ ಗಂಡ ಸಿದ್ದಾರೂಢ ಅವರು ತಮ್ಮ ನಿಷ್ಕಾಳಜಿಯಿಂದಲೇ ಸತ್ತರೆಂದು ತಾವು ಬರೆದಿದ್ದೀರಿ. ಮರಾಠಿ ವರದಿಯ ಎರಡನೆಯ ಪುಟದಲ್ಲಿ, ಕೆಳಗಿನಿಂದ ನಾಲ್ಕನೆಯ ಸಾಲಿನಲ್ಲಿ ‘ನಿಷ್ಕಾಳಜೀಪಣಾ’ ಎಂಬ ಪದವಿದೆ. ಅದನ್ನು ತೆಗೆದುಹಾಕಿ ಎಂದು ಮೂರು ಸಲ ಮರಾಠಿಯಲ್ಲೇ ಅರ್ಜಿ ಕೊಟ್ಟೆ. ಮೂರಕ್ಕೂ ಕಚೇರಿಯ ಠಸ್ಸೆ ಬಿತ್ತು, ಒಂದಕ್ಕೂ ಉತ್ತರ ಬರಲಿಲ್ಲ. ನಾಲ್ಕನೆಯದನ್ನು ನನಗೆ ಬರುವ ಭಾಷೆಯಲ್ಲಿ, ನಾಲ್ಕು ಜನ ಓದುವಂತೆ ಪತ್ರಿಕೆಗೆ ಕೊಡುತ್ತಿದ್ದೇನೆ. ತಮಗೆ ಕನ್ನಡ ಬಾರದಿದ್ದರೆ ಇದರ ಫೋಟೋ ತೆಗೆದು ಬಲ್ಲವರಿಗೆ ಕಳಿಸಿ ಓದಿಸಿಕೊಳ್ಳಿ. ನಮ್ಮ ಮನೆಯಲ್ಲೂ ಹಾಗೆಯೇ ಮಾಡಿದೆವು. ಏನಾಯಿತೆಂದು ಮುಂದೆ ಹೇಳುತ್ತೇನೆ.

ನಮ್ಮ ಊರು ಗಡಹಿಂಗ್ಲಜದ ಕಡೆಯದು. ಇವರು ಇಪ್ಪತ್ತೆರಡು ವರ್ಷ ಕೊಲ್ಲಾಪುರದ ಲೇಥ್ ಕಾರ್ಖಾನೆಗಳಲ್ಲಿ ದುಡಿದರು. ಆ ಕಾರ್ಖಾನೆಗಳಲ್ಲಿ ಕಬ್ಬಿಣ ಕತ್ತರಿಸುವಾಗ ಕಾವೇರದಂತೆ ಮೇಲಿನಿಂದ ಒಂದು ಬಿಳಿ ನೀರು ಸುರಿಯುತ್ತಿರುತ್ತದೆ. ತಾವು ತಪಾಸಣೆಗೆ ಹೋದಾಗ ಬೂಟಿಗೆ ಸಿಡಿದಿರಬಹುದು. ಅದರ ಹೆಸರು ಕೂಲಂಟ್. ಒಂದು ಮಗ್ ಎಣ್ಣೆಗೆ ಇಪ್ಪತ್ತು ಮಗ್ ನೀರು ಹಾಕಿ ಕಲಕಿದರೆ ಹಾಲಿನಂತಾಗುತ್ತದೆ. ಆದ್ದರಿಂದ ನಮ್ಮ ಮನೆಯಲ್ಲಿ ಅದಕ್ಕೆ ಹಾಲೆಣ್ಣೆ ಎನ್ನುತ್ತಿದ್ದೆವು. ಇವರ ಅಂಗಿಗೆಲ್ಲ ಅದರದೇ ವಾಸನೆ. ಬೆಳಿಗ್ಗೆ ಹೋದ ಕೂಡಲೇ ಹಾಲೆಣ್ಣೆ ಕಲಸುವುದು, ಎರಡು ಬೆರಳ ನಡುವೆ ತಿಕ್ಕಿ ಹದ ನೋಡುವುದು, ಆಮೇಲೆಯೇ ಮಶೀನು ಶುರು. ಕೂಲಂಟ್ ಎಂದರೆ ನೀರು ಬೆರೆಸುವ ವಸ್ತು ಎಂದು ಇಪ್ಪತ್ತೆರಡು ವರ್ಷದ ಬೆಳಗುಗಳು ಅವರಿಗೆ ಕಲಿಸಿದ್ದವು. ಕೊಲ್ಲಾಪುರದಲ್ಲಿ ಯಾವ ಲೇಥ್ ಕೆಲಸಗಾರನನ್ನು ಕೇಳಿದರೂ ಇದನ್ನೇ ಹೇಳುತ್ತಾನೆ.

ಕೊನೆಗೆ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಇಚಲಕರಂಜಿಯ ಒಂದು ಗ್ಯಾರೇಜಿಗೆ ಸೇರಿದರು. ಮಗ್ಗಗಳಿಗೆ ನೂಲಿನ ಗಂಟು ಸಾಗಿಸುವ ಬ್ಯಾಟರಿ ಟೆಂಪೋಗಳ ರಿಪೇರಿ ಅಲ್ಲಿ. ಆ ಗಾಡಿಗಳ ಮೋಟರಿಗೆ ಬೇರೊಂದು ಎಣ್ಣೆ ಇದೆಯಂತೆ. ಕರೆಂಟು ಹರಿಯುತ್ತಿರುವ ತಾಮ್ರದ ಸುರುಳಿಗಳ ಮೇಲೆಯೇ ಅದು ಹರಿದಾಡಿ ಕಾವನ್ನು ಹೊತ್ತೊಯ್ಯುತ್ತದೆ, ಕರೆಂಟನ್ನು ಮಾತ್ರ ತನ್ನೊಳಗೆ ಬಿಟ್ಟುಕೊಳ್ಳುವುದಿಲ್ಲ. ಒಳ್ಳೆಯ ವಿದ್ಯೆ. ಯಾರು ಕಂಡುಹಿಡಿದರೋ ಅವರಿಗೆ ಕೈಮುಗಿಯುತ್ತೇನೆ. ಆದರೆ ಅದರೊಳಗೆ ನೀರು ಸೇರಿದರೆ ಆ ಗುಣ ಹೋಯಿತು, ಬೆಂಕಿ ಬಂತು. ಒಂದು ಎಣ್ಣೆಯಲ್ಲಿ ನೀರು ಇರಲೇಬೇಕು, ಇನ್ನೊಂದರಲ್ಲಿ ಹನಿಯೂ ಇರಕೂಡದು. ಕಂಪನಿಯವರು ಈ ಎರಡನೆಯದಕ್ಕೂ ಇಟ್ಟ ಹೆಸರು ಯಾವುದು ಗೊತ್ತೇ? ಕೂಲಂಟ್! ಅಷ್ಟು ವಿದ್ಯೆ ಇದ್ದವರಿಗೆ ಇನ್ನೊಂದು ಹೆಸರಿಗೆ ಬಡತನ ಬಂದಿತ್ತೇ? ಡಬ್ಬಿಯ ಮೇಲೆ ಹದಿನಾಲ್ಕು ಸಾಲು ಬರಹ, ಎಲ್ಲವೂ ಇಂಗ್ಲಿಷು. ನೀರು ಬೆರೆಸಬೇಡಿ ಎಂಬ ಮಾತೂ ಅದರೊಳಗೇ ಸಣ್ಣ ಅಕ್ಷರದಲ್ಲಿ ಇದೆಯಂತೆ. ಅಕ್ಷರ ಬಾರದವರಿಗಾಗಿ ಒಂದು ಚಿತ್ರವನ್ನೂ ಹಾಕಿದ್ದಾರೆ: ನೀಲಿ ಬಣ್ಣದ ಒಂದು ಹನಿ. ಅದನ್ನು ನೋಡಿದರೆ ನೀರಿನದೇ ಹನಿ.

ಕಳೆದ ವರ್ಷ ಮಾರ್ಚ್ ಹನ್ನೆರಡು, ಬುಧವಾರ. ನಾನು ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆಗೆ ಹೋದವಳು. ದಿನಾ ಒಂದೆರಡು ಸಾಲು ವಹಿಯಲ್ಲಿ ಬರೆದಿಡುವ ರೂಢಿ ಇದೆ. ಆದ್ದರಿಂದ ಆ ದಿನದ ಮಾತುಗಳನ್ನು ನೆನಪಿನಿಂದ ಕಟ್ಟಿ ಹೇಳುತ್ತಿಲ್ಲ. ಮಧ್ಯಾಹ್ನ ಎರಡು ದಾಟಿತ್ತು. ಇವರ ಫೋನು ಬಂತು.

“ಏ ಮನೀಷಾ, ಈ ಹೊಸಾ ಎಣ್ಣಿ ಹಾಲ ಆಗವಲ್ತು ನೋಡ. ಬಕೇಟನ್ಯಾಗ ಹಾಕಿ ಕಲಿಸೇನಿ, ನೀರ ಬ್ಯಾರೆ, ಎಣ್ಣಿ ಬ್ಯಾರೆ ನಿಂತೈತಿ. ಡಬ್ಬಿ ಫೋಟೋ ಕಳಸೇನಿ, ಏನ ಬರದಾರ ಓದಿ ಹೇಳ.”

ನೋಡಿದೆ. ಇಂಗ್ಲಿಷ್ ಅಕ್ಷರ ಕೂಡಿಸಿ ದೊಡ್ಡ ಪದಗಳನ್ನಷ್ಟೇ ಓದಬಲ್ಲೆ.

“ಕೂಲಂಟ ಅಂತ ಐತ್ರಿ.”

“ಅದು ನನಗೂ ಗೊತ್ತೈತಿ. ಅದರ ಮುಂದಿಂದ ಓದ.”

“ಮುಂದ ಎಲ್ಲಾ ಸಣ್ಣ ಅಕ್ಷರ, ಇಂಗ್ಲಿಷ ಐತಿ.”

“ಕೂಲಂಟ ಏನ ಕನ್ನಡ ಐತೇನ? ಅದನ್ನ ಹ್ಯಾಂಗ ಓದಿದಿ, ಮಾಸ್ತರಣಿ?”

“ಇಪ್ಪತ್ತೆರಡ ವರ್ಷ ನಿಮ್ಮ ಅಂಗಿ ಒಗದೇನ್ರಿ, ಅಷ್ಟೂ ಬರೂದಿಲ್ಲೇನ?”

ಅವರು ನಕ್ಕರು. ನಾನೂ ನಕ್ಕೆ. ವಹಿಯಲ್ಲಿ ಹಾಗೆಯೇ ಇದೆ: ‘ಡಬ್ಬಿ ಓದಿಸಿದರು. ನಕ್ಕೆವು. ಸಂಜೆಗೆ ಮೆಂತ್ಯೆ ಪಲ್ಯ.’

ನನಗೆ ಫೋನು ಮಾಡುವ ಮೊದಲೇ ಡಬ್ಬಿಯ ಮೇಲಿದ್ದ ಕಂಪನಿಯ ನಂಬರಿಗೂ ಇವರು ಫೋನು ಹಚ್ಚಿದ್ದರು. ಮೂರು ನಿಮಿಷ ನಲವತ್ತು ಸೆಕೆಂಡು ಕಾದಿದ್ದರು. ಅವರ ಮೊಬೈಲಿನಲ್ಲಿ ದಾಖಲೆ ಇದೆ. ಆ ನಂಬರಿಗೆ ಆಮೇಲೆ ನಾನೂ ಫೋನು ಮಾಡಿ ನೋಡಿದೆ. ಒಬ್ಬಾಕೆ ಇಂಗ್ಲಿಷಿನಲ್ಲಿ ಬಹಳ ಸಿಹಿಯಾಗಿ ಒಂದು ಒತ್ತಿ, ಎರಡು ಒತ್ತಿ ಎನ್ನುತ್ತಾಳೆ. ಯಾವುದನ್ನು ಒತ್ತಿದರೂ ಹಾಡು ಬರುತ್ತದೆ. ನನ್ನನ್ನು ಕೇಳಿದ ಮೇಲೆ ಇವರು ಗ್ಯಾರೇಜಿನ ಕೆಲಸ ನೋಡಿಕೊಳ್ಳುವ ಮುಕಾದಮ ದಾದಾಸಾಹೇಬರನ್ನೂ ಕೇಳಿದರು. ಅಲ್ಲೇ ಕೆಲಸ ಮಾಡುವ ದಾನೋಳಿಯ ಹರ್ಷದ ಎಂಬುವರು ಅದನ್ನು ಕಿವಿಯಾರೆ ಕೇಳಿದ್ದಾರೆ. ಮುಕಾದಮರು ಗಾಡಿಯ ಕೆಳಗಿನಿಂದ ತಲೆಯನ್ನೂ ಹೊರಗೆ ಹಾಕದೆ, “ಕೂಲಂಟ ಆಹೇ ನಾ? ಮಗ ಪಾಣಿ ಟಾಕ ಕೀ!” ಎಂದರಂತೆ. ಕೂಲಂಟ್ ಅಲ್ಲವೇ, ನೀರು ಹಾಕು ಮತ್ತೆ. ಅವರೂ ಲೇಥ್ ಕಾರ್ಖಾನೆಯಿಂದಲೇ ಬಂದವರು. ಅವರನ್ನು ನಾನು ಬಯ್ಯಲಾರೆ.

ಇವರು ನೀರು ಬೆರೆಸಿದ ಎಣ್ಣೆಯನ್ನೇ ಮೋಟರಿಗೆ ಹಾಕಿದರು. ಗಾಡಿ ಶುರು ಮಾಡಿ, ಬಾಗಿ ನೋಡುತ್ತಿದ್ದಾಗ ಮೋಟರಿನ ಕರೆಂಟಿನ ಪೆಟ್ಟಿಗೆ ಸಿಡಿಯಿತು. ಉರಿಯುವ ಎಣ್ಣೆ ಮುಖಕ್ಕೂ ಎದೆಗೂ ಹಾರಿತು. ಕೊಲ್ಲಾಪುರದ ದವಾಖಾನೆಯಲ್ಲಿ ನಾಲ್ಕು ದಿನ ಇದ್ದರು. ಮೂರನೆಯ ದಿನ ಒಮ್ಮೆ ಮಾತಾಡಿದರು. “ಅದು ಹಾಲ ಯಾಕ ಆಗಲಿಲ್ಲಂತ ಯಾರರೆ ಹೇಳಿದರೇನ?” ಎಂದು ಕೇಳಿದರು. ಇಲ್ಲ ಎಂದೆ. ಆಗ ನನಗೂ ಗೊತ್ತಿರಲಿಲ್ಲ. ನನ್ನ ವಹಿಯಲ್ಲಿ ನಾಲ್ಕನೆಯ ದಿನದ ಪುಟದಲ್ಲಿ ತಾರೀಖು ಮಾತ್ರ ಇದೆ.

ತಮ್ಮ ಕಚೇರಿಗೆ ಹೇಳಿಕೆ ಕೊಡಲು ಹೊರಟಾಗ ನಮ್ಮ ಅತ್ತೆ ಗುರುಸಿದ್ದವ್ವ ಬಾಗಿಲಲ್ಲಿ ಕೈ ಹಿಡಿದರು. “ಓದಿ ಹೇಳಿದಾಕಿ ನೀ ಅಂತ ಹೇಳಬ್ಯಾಡ ಮಗಳ. ಮಗ ಹ್ವಾದ. ನಿನ್ನ ಹೆಸರ ಬರದರ ನಾ ಏನ ಮಾಡ್ಲಿ?” ಮಗನನ್ನು ಕಳೆದುಕೊಂಡ ತಾಯಿ ಹೆದರಿದ್ದು ಅದಕ್ಕೆ. ಆದರೂ ನಾನು ಹೇಳಿದೆ. ಫೋಟೋ ತೋರಿಸಿದೆ, ವಹಿ ತೋರಿಸಿದೆ, ಓದಿದವಳು ನಾನೇ ಎಂದೆ. ತಮ್ಮ ಗುಮಾಸ್ತರು ಪೆನ್ನಿನ ಮುಚ್ಚಳ ಹಾಕಿ, “ಬಾಯಿ, ಹೇ ಘರಗುತೀ ಬೋಲಣಂ ಆಹೇ” ಎಂದರು. ಅದು ಮನೆಮಾತಂತೆ, ವರದಿಗೆ ಬೇಡವಂತೆ. ತಾವು ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದಿರಿ.

ಮಾನ್ಯರೇ, ಕಾಳಜಿ ಎಂಬ ಮಾತು ಮರಾಠಿಯಲ್ಲೂ ಇದೆ, ನಮ್ಮ ಕನ್ನಡದಲ್ಲೂ ಇದೆ. ಎರಡರಲ್ಲೂ ಅರ್ಥ ಒಂದೇ. ಎಣ್ಣೆ ಹಾಲಾಗುತ್ತಿಲ್ಲ ಎಂದು ಕಂಡು ಕೈ ತಡೆದವರಿಗೆ ಕಾಳಜಿ ಇರಲಿಲ್ಲವೇ? ಕಂಪನಿಯನ್ನು ಕೇಳಿದರು, ಹೆಂಡತಿಯನ್ನು ಕೇಳಿದರು, ಮುಕಾದಮರನ್ನು ಕೇಳಿದರು. ಇನ್ನು ಯಾರನ್ನು ಕೇಳಬೇಕಿತ್ತು? ತಮ್ಮನ್ನೇ? ತಮ್ಮ ನಂಬರು ಡಬ್ಬಿಯ ಮೇಲೆ ಇರಲಿಲ್ಲ. ನಿಷ್ಕಾಳಜಿಗೆ ಯಾರದಾದರೂ ಹೆಸರು ಬೇಕೇ ಬೇಕು ಎಂದಾದರೆ ನನ್ನದನ್ನು ಬರೆಯಿರಿ. ಒಂದೇ ಪದ ಓದಿ, ಉಳಿದ ಸಾಲುಗಳನ್ನೆಲ್ಲ ಬಿಟ್ಟು ನಕ್ಕವಳು ನಾನು. ಆದರೆ ಅವರ ಹೆಸರಿನ ಮುಂದೆ ಆ ಪದ ಬೇಡ.

ಇದು ಸತ್ತವರ ಮಾನದ ಮಾತು ಮಾತ್ರ ಎಂದು ತಾವು ಅಂದುಕೊಂಡಿದ್ದರೆ ಮುಂದಿನದನ್ನೂ ಓದಿಸಿಕೊಳ್ಳಿ. ತಪ್ಪು ಸತ್ತವರದೇ ಎಂದು ವರದಿ ಅಂತಿಮವಾದರೆ ಡಬ್ಬಿಯನ್ನು ತಿದ್ದುವ ಕೆಲಸ ಯಾರಿಗೂ ಉಳಿಯುವುದಿಲ್ಲ. ಅದು ಅಂತಿಮವಾಗಲು ಇನ್ನು ಹದಿನೆಂಟು ದಿನ ಇದೆ. ಅದೇ ನೀಲಿ ಹನಿಯ ಡಬ್ಬಿಗಳು ಈಗ ಗಡಹಿಂಗ್ಲಜಕ್ಕೂ ಚಂದಗಡದ ಕಡೆಗೂ ಹೋಗುತ್ತಿವೆ ಎಂದು ಹರ್ಷದ ಹೇಳಿದರು. “ವೈನಿ, ನನಗ ಗೊತ್ತಾತು, ಅವರಿಗೆ ಯಾರ ಹೇಳಾವ್ರು?” ಎಂದರು. ಆ ರಾತ್ರಿಯೆಲ್ಲ ನಾನು ಚೀಟಿ ಬರೆದೆ. ಕನ್ನಡದಲ್ಲೂ ಮರಾಠಿಯಲ್ಲೂ ಒಂದೇ ಸಾಲು: ‘ಇದು ಆ ಕೂಲಂಟ್ ಅಲ್ಲ. ನೀರು ಹಾಕಬೇಡಿ.’ ಅಂಟು ಹಿಡಿದುಕೊಂಡು ಬಸ್ಸು ಹತ್ತಿದೆ.

ಕೋವಾಡದಲ್ಲಿ ಧೋಂಡಿಬಾ ಎಂಬುವರ ಗ್ಯಾರೇಜು. ವಯಸ್ಸಾದವರು. ನಾನು ಚೀಟಿ ಹಚ್ಚುವುದನ್ನು ನೋಡಿ ನಕ್ಕರು.

“ಏನ ತಂಗಿ, ಎಲೆಕ್ಷನಿಗೆ ನಿಂತೀಯೇನ?”

“ಇದನ್ನ ಓದ್ರಿ ಕಾಕಾ.”

ಓದಿದರು. ನಗು ನಿಂತಿತು. “ಯವ್ವಾ... ಈಗಷ್ಟ ಒಂದ ಗಾಡಿಗೆ ಅರ್ಧಾ ಲೀಟರ ನೀರ ಬೆರಸಿ ಹಾಕೇನಲ್ಲ.”

“ಎಲ್ಲೈತ್ರಿ ಗಾಡಿ?”

“ಅಂಗಳದಾಗ. ಡ್ರೈವರ ಚಾ ಕುಡ್ಯಾಕ ಹೋಗ್ಯಾನ.”

ಆ ವಯಸ್ಸಿನಲ್ಲಿ ಅವರು ಓಡಿದ ಓಟವನ್ನು ತಾವು ನೋಡಬೇಕಿತ್ತು. ಡ್ರೈವರ್ ಆಗಲೇ ಒಳಗೆ ಕೂತು ಕೀಲಿ ಕೈಗೆ ತೆಗೆದುಕೊಂಡಿದ್ದ. ಧೋಂಡಿಬಾ ಅವನ ಕೈಯಿಂದ ಕೀಲಿ ಕಿತ್ತುಕೊಂಡು ತಮ್ಮ ಜೇಬಿಗೆ ಹಾಕಿಕೊಂಡರು. ಅವನು “ಕಾಯ ಝಾಲಂ, ಕಾಯ ಝಾಲಂ” ಎಂದು, ಏನಾಯಿತೆಂದು ಕೇಳುತ್ತಲೇ ಇದ್ದ. ನಾನು ಅವನ ಕೈಗೆ ಒಂದು ಚೀಟಿ ಕೊಟ್ಟೆ.

ಇದಾದ ಹತ್ತು ದಿನಕ್ಕೆ ತಮ್ಮ ಕಚೇರಿಯಿಂದ ನನಗೊಂದು ನೋಟಿಸು ಬಂತು. ಮೂರು ಅರ್ಜಿಗೆ ಸಿಗದ ನನ್ನ ವಿಳಾಸ ಆಗ ಎಷ್ಟು ಬೇಗ ಸಿಕ್ಕಿತು! ಕಂಪನಿಯ ಮಾಲಿನ ಮೇಲೆ ‘ಅನಧಿಕೃತ ಮಾಹಿತಿ’ ಅಂಟಿಸಿ ವ್ಯಾಪಾರಕ್ಕೆ ಧಕ್ಕೆ ತಂದಿದ್ದೇನಂತೆ, ಕೂಡಲೇ ನಿಲ್ಲಿಸಬೇಕಂತೆ. ಸ್ವಾಮಿ, ನಮಗೆ ಓದಲು ಬರುವ ಅಧಿಕೃತ ಮಾಹಿತಿ ಎಲ್ಲಿದೆ ತೋರಿಸಿ, ಈಗಲೇ ನಿಲ್ಲಿಸುತ್ತೇನೆ.

ನನ್ನ ಕೈಯಲ್ಲಿ ಇನ್ನು ಆಗುತ್ತಿಲ್ಲ. ಎಷ್ಟು ಊರಿಗೆ ಹೋಗಲಿ? ನಾನು ಬಸ್ಸಿಳಿಯುವ ಮೊದಲೇ ಯಾರೋ ಬಕೇಟಿನಲ್ಲಿ ಕಲಕುತ್ತಿದ್ದರೆ? ಆದ್ದರಿಂದ ಬೇಡುತ್ತೇನೆ. ವರದಿಯಿಂದ ಆ ಪದ ತೆಗೆಯಿರಿ. ಡಬ್ಬಿಗಳನ್ನು ವಾಪಸು ತರಿಸಿ, ನೀರು ಹಾಕಬಾರದೆಂದು ಇಲ್ಲಿಯ ಭಾಷೆಗಳಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿರಿ, ಆ ನೀಲಿ ಹನಿಯನ್ನು ಅಳಿಸಿರಿ. ಅಲ್ಲಿಯವರೆಗೆ ತಮ್ಮ ನೋಟಿಸನ್ನು ಪಾಲಿಸಲಾರೆ. ಸೋಮವಾರ ಚೀಟಿ ಹಚ್ಚಲು ನಾಂದಣಿಗೆ ಹೋಗುತ್ತಿದ್ದೇನೆ. ಬೇಕಾದ ಕಲಮು ಹಾಕಿ ನನ್ನನ್ನು ಹಿಡಿಯಿರಿ. ನನ್ನ ಚೀಟಿಯ ಮರಾಠಿಯಲ್ಲಿ ಕಾಗುಣಿತ ತಪ್ಪಿದ್ದರೆ ತಿದ್ದಿ. ಹರಿಯಬೇಡಿ. ಅದನ್ನು ಓದಬೇಕಾದವರು ಇನ್ನೂ ಬದುಕಿದ್ದಾರೆ.

ಇಂತಿ,
ತಮ್ಮ ವರದಿಯಲ್ಲಿ ಎಲ್ಲೂ ಹೆಸರಿಲ್ಲದ,
ಡಬ್ಬಿಯನ್ನು ಅರ್ಧ ಓದಿದವಳು,
ಮನೀಷಾ ಸಿದ್ದಾರೂಢ
ಇಚಲಕರಂಜಿ